ಒಗೆಯೋ ಕಲ್ಲಿನ ಮೇಲಿದ್ದ ಲೋಟ

ಹೋದ ಭಾನುವಾರ ವಿರಾಜಪೇಟೆ ಚರ್ಚಿನಲ್ಲಿ ಪೂಜೆ ಮುಗಿಸಿ ಹೊರಗೆ ಬರುವಾಗ ಜೋರು ಮಳೆ. ಎಲ್ಲರೂ ಬಾಗಿಲ ಬಳಿಯೇ ನಿಂತಿದ್ದೆವು. ಆಗ ಇಬ್ಬರು ಹುಡುಗಿಯರು ನನ್ನ ಹತ್ತಿರ ಬಂದರು. ಒಬ್ಬಳು ನರ್ಸಿಂಗ್ ಓದುತ್ತಿದ್ದಾಳೆ, ಇನ್ನೊಬ್ಬಳು ಬಿಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಡಿಗ್ರಿ.

‘ಅಕ್ಕಾ, ನೀವು ಸ್ಲೊವಾಕಿಯಾದಲ್ಲಿ ರೋಮಾ ಜನರ ಹತ್ತಿರ ಮಿಷನ್ ಟ್ರಿಪ್ ಹೋಗಿದ್ರಂತೆ ಅಲ್ವಾ? ನಮಗೂ ಅಂಥದ್ದೊಂದು ಅವಕಾಶ ಬಂದಿದೆ. ಎರಡು ವಾರ. ಹೋಗ್ಬಹುದಾ? ಅಲ್ಲಿ ನಾವೇನು ಮಾಡ್ಬೇಕು?’

ಮಳೆ ಬಿಡುವವರೆಗೆ ಏನೋ ಒಂದಿಷ್ಟು ಹೇಳಿದೆ. ಮನೆಗೆ ಬಂದ ಮೇಲೆ, ಹೇಳಬೇಕಾದ್ದನ್ನು ಹೇಳಲೇ ಇಲ್ಲ ಅನಿಸಿತು. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ.

ನಮ್ಮಪ್ಪ ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ ಆಗಿದ್ದರು. ನಾನು ಬೆಳೆದದ್ದು ತೋಟದ ಕ್ವಾರ್ಟರ್ಸಿನಲ್ಲಿ. ಮಂಗಳೂರಿನಲ್ಲಿ ಡಿಗ್ರಿ ಮುಗಿಸಿ, 2017ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಹಂಗೆರಿಯ ಡೆಬ್ರೆಸೆನ್ ಊರಿಗೆ ಪಬ್ಲಿಕ್ ಹೆಲ್ತ್ ಓದಲು ಹೋದೆ. ಅಲ್ಲಿನ ಚರ್ಚಿನಲ್ಲಿ ಬೇರೆ ಬೇರೆ ದೇಶದ ವಿದ್ಯಾರ್ಥಿಗಳ ಒಂದು ಗುಂಪಿತ್ತು. ಪ್ರತಿ ಜುಲೈನಲ್ಲಿ ಎರಡು ವಾರ ಗಡಿ ದಾಟಿ, ಪೂರ್ವ ಸ್ಲೊವಾಕಿಯಾದ ಒಂದು ರೋಮಾ ಕೇರಿಗೆ ಹೋಗುತ್ತಿದ್ದರು. 2018ರಲ್ಲಿ ನಾನೂ ಹೆಸರು ಕೊಟ್ಟೆ.

ರೋಮಾ ಅಂದರೆ ಜಿಪ್ಸಿಗಳು, ಗಾಡಿ ಕಟ್ಟಿಕೊಂಡು ಊರೂರು ಅಲೆಯುವವರು. ನನಗೆ ಗೊತ್ತಿದ್ದದ್ದು ಅಷ್ಟೇ. ಅದೂ ತಪ್ಪು. ಸ್ಲೊವಾಕಿಯಾದ ರೋಮಾ ಜನರಲ್ಲಿ ಹೆಚ್ಚಿನವರು ನೂರಾರು ವರ್ಷಗಳಿಂದ ಒಂದೇ ಕಡೆ ನೆಲೆ ನಿಂತವರು. ಕಮ್ಮಾರರು, ಹಸಿ ಇಟ್ಟಿಗೆ ಮಾಡುವವರು, ಮದುವೆಗಳಲ್ಲಿ ಪಿಟೀಲು ನುಡಿಸುವವರು. ಯುರೋಪಿನಲ್ಲಿ ಒಟ್ಟು 1 ಕೋಟಿಗೂ ಹೆಚ್ಚು ರೋಮಾ ಜನರಿದ್ದಾರೆ. ಆ ಖಂಡದ ಅತಿ ದೊಡ್ಡ ಅಲ್ಪಸಂಖ್ಯಾತರು ಅವರೇ. ‘ಜಿಪ್ಸಿ’ ಅನ್ನುವ ಹೆಸರೂ ಅವರದ್ದಲ್ಲ. ಈಜಿಪ್ಟಿನಿಂದ ಬಂದವರು ಅಂತ ಯಾರೋ ತಪ್ಪು ತಿಳಿದು ಇಟ್ಟದ್ದು. ಸ್ಲೊವಾಕರು ‘ತ್ಸಿಗಾನ್’ ಅನ್ನುತ್ತಾರೆ. ಅದರ ಬೇರು ಒಂದು ಹಳೆಯ ಗ್ರೀಕ್ ಪದ, ಮುಟ್ಟಬಾರದವರು ಅನ್ನುವ ಅರ್ಥದ್ದು ಎನ್ನುತ್ತಾರೆ. ಅದೇ ಪದದಿಂದ ಸ್ಲೊವಾಕ್ ಭಾಷೆಯಲ್ಲಿ ಒಂದು ಕ್ರಿಯಾಪದವೂ ಹುಟ್ಟಿದೆ. ಅದರ ಅರ್ಥ ‘ಸುಳ್ಳು ಹೇಳು’. ಒಂದು ಮಗು ಶಾಲೆಗೆ ಹೋಗಿ ತನ್ನ ಜನರ ಹೆಸರನ್ನು ಈ ಅರ್ಥದಲ್ಲಿ ಕಲಿಯಬೇಕು. ಅದನ್ನು ಒಂದು ನಿಮಿಷ ಯೋಚಿಸಿ ನೋಡಿ.

ಅವರು ಹೊರಟದ್ದು ನಮ್ಮ ದೇಶದಿಂದಲೇ. ಭಾಷೆ ಬಲ್ಲವರು ಇದನ್ನು 200 ವರ್ಷಗಳ ಹಿಂದೆಯೇ ಕಂಡುಕೊಂಡಿದ್ದರು. 2012ರಲ್ಲಿ ವಂಶವಾಹಿಗಳ ಮೇಲೆ ನಡೆದ ಒಂದು ದೊಡ್ಡ ಅಧ್ಯಯನವೂ, ಸುಮಾರು 1,500 ವರ್ಷಗಳ ಹಿಂದೆ ವಾಯವ್ಯ ಭಾರತದಿಂದ ಹೊರಟವರು ಎಂದಿತು. ನಮ್ಮಲ್ಲಿ ಕೆಲವರು ರೋಮಾ ಅಂದರೆ ಲಂಬಾಣಿಗಳೇ ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಎರಡೂ ಭಾಷೆಗಳು ಒಂದೇ ದೊಡ್ಡ ಕುಟುಂಬಕ್ಕೆ ಸೇರಿದವು ನಿಜ, ಆದರೆ ಅದೇ ಕುಟುಂಬದಲ್ಲಿ ನಮ್ಮ ಮನೆಯ ಕೊಂಕಣಿಯೂ ಇದೆ.

ಆ ಕೊಂಕಣಿಯೇ ನನಗೆ ಅಲ್ಲಿ ಬಾಗಿಲು ತೆರೆಯಿತು.

ಕೇರಿ ಇದ್ದದ್ದು ಹಳ್ಳಿಯಿಂದ ಸುಮಾರು ಒಂದೂವರೆ ಕಿಲೋಮೀಟರ್ ಆಚೆ, ಹೊಳೆ ದಾಟಿ. ಡಾಂಬರು ರಸ್ತೆ ಹಳ್ಳಿಯ ಕೊನೆಯ ಮನೆಗೆ ಮುಗಿಯುತ್ತಿತ್ತು. ಇಷ್ಟು ದೂರ ಯಾಕೆ ಅಂತ ಅಲ್ಲಿನ ಫಾದರ್ ಹತ್ತಿರ ಕೇಳಿದೆ. 1941ರಲ್ಲಿ ಅಲ್ಲಿನ ಸರ್ಕಾರ ಒಂದು ಆದೇಶ ಮಾಡಿತ್ತು. ಮುಖ್ಯ ರಸ್ತೆಗಳ ಪಕ್ಕದಲ್ಲಿರುವ ರೋಮಾ ಮನೆಗಳನ್ನು ಕೆಡವಿ, ದೂರದಲ್ಲಿ ಕಟ್ಟಿಕೊಳ್ಳಬೇಕು ಅಂತ. ಹೀಗೆ ಆಚೆ ತಳ್ಳಿಸಿಕೊಂಡ ಎಷ್ಟೋ ಕೇರಿಗಳು ಇವತ್ತಿಗೂ ಅಲ್ಲೇ ಇವೆ. ಹಳ್ಳಿಯವರು ಮಾತ್ರ ನಮಗೆ ಬೇರೆ ಹೇಳಿದರು. ‘ಅವರಿಗೆ ಬೇರೆ ಇರುವುದೇ ಇಷ್ಟ.’

ಹಲಗೆ, ತಗಡು, ಹಳೇ ಇಟ್ಟಿಗೆ ಸೇರಿಸಿ ಕಟ್ಟಿದ ಮನೆಗಳು. ನೀರಿಗೆ ಒಂದೇ ಕಡೆ ಪಂಪು. ಅದೂ ಮೊದಲೇ ಹಣ ಕಟ್ಟಿದ ಚಿಪ್ ಇಟ್ಟರೆ ಮಾತ್ರ ನೀರು. ಮೊದಲ ದಿನ ನಾವು ಅಲ್ಲಿಗೆ ಹೋದಾಗ ಹತ್ತು ಹನ್ನೆರಡು ಮಕ್ಕಳು ಓಡಿ ಬಂದರು. ಉಳಿದವರನ್ನೆಲ್ಲ ಬಿಟ್ಟು ನನ್ನ ಸುತ್ತ ನಿಂತರು. ಒಬ್ಬಳು ನನ್ನ ಕೈಯನ್ನು ತನ್ನ ಕೈ ಪಕ್ಕ ಇಟ್ಟು ಬಣ್ಣ ನೋಡಿದಳು. ಎಂಟು ವರ್ಷ ಇರಬಹುದು. ‘ನೀನು ರೊಮ್ನಿನಾ, ಗಾಜಿನಾ?’ ಅಂದಳು. ರೊಮ್ನಿ ಅಂದರೆ ಅವರ ಹೆಂಗಸು. ಗಾಜಿ ಅಂದರೆ ಹೊರಗಿನವಳು. ಇಂಡಿಯಾ ಅಂದೆ. ಆ ಉತ್ತರದಿಂದ ಅವಳಿಗೆ ಸಮಾಧಾನ ಆಗಲಿಲ್ಲ. ಮತ್ತೆ ಅದನ್ನೇ ಕೇಳಿದಳು.

ನಾನು ಮೂಗು ಮುಟ್ಟಿಕೊಂಡು ‘ನಾಕ್’ ಅಂದೆ. ಅವಳು ಕಣ್ಣರಳಿಸಿ ‘ನಖ್!’ ಅಂದಳು. ಕಿವಿ ಮುಟ್ಟಿ ‘ಕಾನ್’ ಅಂದೆ. ‘ಕಾನ್!’ ಅಂತ ಎಲ್ಲರೂ ಕೂಗಿದರು. ಪಂಪು ತೋರಿಸಿ, ಹಿಂದಿಯಲ್ಲಿ ‘ಪಾನಿ’ ಅಂದೆ. ಅವರಿಗೂ ಅದು ಪಾನಿಯೇ. ಎಣಿಸಲು ಶುರು ಮಾಡಿದೆವು. ಯೆಖ್, ದುಯ್, ತ್ರಿನ್, ಷ್ಟಾರ್, ಪಾಂಜ್, ಶೋವ್. ಆರರ ತನಕ ಸಲೀಸಾಗಿ ಹೋಯಿತು. ಏಳಕ್ಕೆ ನಾನು ಎಡವಿದೆ. ಎಫ್ತಾ, ಓಖ್ತೋ, ಎನ್ಯಾ. ಈ ಮೂರೂ ಗ್ರೀಕರಿಂದ ಬಂದ ಪದಗಳು. ಹತ್ತಕ್ಕೆ ಮತ್ತೆ ದೆಶ್. ಅವರ ಹಿರಿಯರು ಗ್ರೀಕರ ನಾಡಿನಲ್ಲಿ ಎಷ್ಟು ಕಾಲ ಇದ್ದರು ಅನ್ನುವುದಕ್ಕೆ ಬೇರೆ ದಾಖಲೆ ಬೇಕಿಲ್ಲ, ಒಂದರಿಂದ ಹತ್ತು ಎಣಿಸಿದರೆ ಸಾಕು. ಆ ರಾತ್ರಿ ನನಗೆ ತುಂಬಾ ಹೊತ್ತು ನಿದ್ದೆ ಬರಲಿಲ್ಲ.

ಫಾದರ್ ಆ ಕೇರಿಯಲ್ಲಿ ಹನ್ನೊಂದು ವರ್ಷದಿಂದ ಇದ್ದರು. ಅವರು ಮೊದಲೇ ಹೇಳಿಬಿಟ್ಟಿದ್ದರು. ಏನನ್ನೂ ಹಂಚಬೇಡಿ. ಮಕ್ಕಳ ಫೋಟೋ ತೆಗೆಯಬೇಡಿ. ಮುಂದಿನ ವರ್ಷ ಬರ್ತೀನಿ ಅಂತ ಸುಮ್ನೆ ಹೇಳಬೇಡಿ. ಹಿಂದೊಮ್ಮೆ ಬೇರೆ ದೇಶದ ಒಂದು ಗುಂಪು ಬಂದು ಚೀಲ ಚೀಲ ಚಾಕೊಲೇಟ್ ಹಂಚಿತ್ತಂತೆ. ಮಕ್ಕಳು ಕಿತ್ತಾಡಿದರು, ಆಮೇಲೆ ಅಮ್ಮಂದಿರು ಜಗಳವಾಡಿದರು. ಆ ಜಗಳದ ಫೋಟೋ ಒಂದನ್ನು ಯಾರೋ ಇಂಟರ್‌ನೆಟ್ಟಿಗೆ ಹಾಕಿದ್ದರು. ಅದನ್ನು ಹಳ್ಳಿಯವರು ನೋಡಿದರು, ಅಲ್ಲಿನ ಶಾಲೆಯ ಮಕ್ಕಳೂ ನೋಡಿದರು. ಗುಂಪು ಮಾತ್ರ ಅಷ್ಟರಲ್ಲಿ ವಿಮಾನ ಹತ್ತಿಯಾಗಿತ್ತು.

ನಮ್ಮ ಕೆಲಸ ಸರಳ. ಬೆಳಿಗ್ಗೆ ಆಟ, ಹಾಡು. ಮಧ್ಯಾಹ್ನ, ಸೆಪ್ಟೆಂಬರ್‌ನಲ್ಲಿ ಶಾಲೆಗೆ ಸೇರುವ ಮಕ್ಕಳಿಗೆ ಪೆನ್ಸಿಲ್ ಹಿಡಿಯುವುದು, ಬಣ್ಣದ ಹೆಸರು, ಸ್ಲೊವಾಕ್ ಭಾಷೆಯಲ್ಲಿ ಎಣಿಸುವುದು. ಇದನ್ನು ಅಲ್ಲಿಯ ಇಬ್ಬರು ರೋಮಾ ಹೆಂಗಸರೇ ನಡೆಸುತ್ತಿದ್ದರು. ನಾವು ಕೈ ಜೋಡಿಸಿದೆವು, ಅಷ್ಟೇ. ಸಣ್ಣ ಕೆಲಸ ಅನ್ನಿಸಬಹುದು. ಅದರ ಹಿಂದಿನ ಕಥೆ ಸಣ್ಣದಲ್ಲ. ಮನೆಯಲ್ಲಿ ರೊಮಾನಿ ಮಾತಾಡುವ ಆರು ವರ್ಷದ ಮಗುವನ್ನು ಕೂರಿಸಿ ಸ್ಲೊವಾಕ್ ಭಾಷೆಯಲ್ಲಿ ಪರೀಕ್ಷೆ ಮಾಡುತ್ತಾರೆ. ಮಗು ಸುಮ್ಮನೆ ಕೂರುತ್ತದೆ. ಬುದ್ಧಿ ಕಡಿಮೆ ಅಂತ ಬರೆದು ವಿಶೇಷ ಶಾಲೆಗೆ ಕಳಿಸುತ್ತಾರೆ. ಅಲ್ಲಿಗೆ ಹೋದ ಮಗು ಮಾಮೂಲಿ ಶಾಲೆಗೆ ವಾಪಸ್ ಬರುವುದು ತೀರಾ ಅಪರೂಪ. ಪಕ್ಕದ ಚೆಕ್ ದೇಶದ ಒಸ್ಟ್ರಾವಾ ಊರಿನ 18 ರೋಮಾ ಮಕ್ಕಳ ಕಡೆಯಿಂದ ಇದೇ ವಿಷಯ ಯುರೋಪಿನ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋಯಿತು. 2007ರ ನವೆಂಬರ್‌ನಲ್ಲಿ ಮಕ್ಕಳು ಗೆದ್ದರು. ಆ ಊರಿನಲ್ಲಿ ರೋಮಾ ಮಗು ವಿಶೇಷ ಶಾಲೆಗೆ ಬೀಳುವ ಸಾಧ್ಯತೆ ಬೇರೆ ಮಗುವಿಗಿಂತ 27 ಪಟ್ಟು ಹೆಚ್ಚಿತ್ತು. ಸ್ಲೊವಾಕಿಯಾದಲ್ಲೂ 2012ರಲ್ಲಿ ಒಂದು ಕೋರ್ಟು, ರೋಮಾ ಮಕ್ಕಳನ್ನು ಬೇರೆ ತರಗತಿಯಲ್ಲಿ ಕೂರಿಸಿದ್ದು ತಪ್ಪು ಎಂದಿತು. ತೀರ್ಪು ಬಂದ ಮಾತ್ರಕ್ಕೆ ಎಲ್ಲ ಬದಲಾಗಲಿಲ್ಲ. 2023ರಲ್ಲಿ ಯುರೋಪಿಯನ್ ಕಮಿಷನ್ ಇದೇ ಕಾರಣಕ್ಕೆ ಸ್ಲೊವಾಕಿಯಾವನ್ನು ಕೋರ್ಟಿಗೆ ಎಳೆಯಿತು.

ಈಗ ನನ್ನ ಮನಸ್ಸಿನಿಂದ ಹೋಗದ ಎರಡು ವಿಷಯ ಹೇಳುತ್ತೇನೆ.

ಮೊದಲ ವಾರದ ಕೊನೆಗೆ ನಾವು ನಾಲ್ವರು ಪೇಟೆಗೆ ಸಾಮಾನು ತರಲು ಹೋದೆವು. ಇಬ್ಬರು ಹಂಗೆರಿಯವರು, ಒಬ್ಬಳು ಹಾಲೆಂಡಿನವಳು, ನಾನು. ಒಂದು ದೊಡ್ಡ ಅಂಗಡಿ. ಒಳಗೆ ಹೋದದ್ದೇ ತಡ, ಕಾವಲಿನವನು ನನ್ನ ಹಿಂದೆ ಬಂದ. ಮೂರು ಜನರ ಹಿಂದೆ ಅಲ್ಲ, ನನ್ನ ಹಿಂದೆ ಮಾತ್ರ. ನಾನು ಬಿಸ್ಕತ್ತಿನ ಸಾಲಿಗೆ ಹೋದರೆ ಅಲ್ಲಿಗೆ. ಸೋಪಿನ ಸಾಲಿಗೆ ಹೋದರೆ ಅಲ್ಲಿಗೆ. ದುಡ್ಡು ಕೊಟ್ಟು ಹೊರಗೆ ಬರುವಾಗ ಬ್ಯಾಗ್ ತೆಗೆದು ತೋರಿಸು ಎಂದು ಸನ್ನೆ ಮಾಡಿದ. ತೋರಿಸಿದೆ. ಕೈ ನಡುಗುತ್ತಿತ್ತು. ನಾನು ಏನೂ ತಪ್ಪು ಮಾಡಿರಲಿಲ್ಲ. ಆದರೂ ಮುಖ ಬಿಸಿಯಾಯಿತು. ಪಾಸ್‌ಪೋರ್ಟ್ ತೆಗೆದ ಕೂಡಲೇ ಅವನ ದನಿ ಬದಲಾಯಿತು, ನಕ್ಕು ‘ಇಂಡಿಯಾ, ಇಂಡಿಯಾ’ ಅಂದ. ಆ ನಗು ನನಗೆ ಬ್ಯಾಗ್ ತೆಗೆಸಿದ್ದಕ್ಕಿಂತ ಜಾಸ್ತಿ ನೋವು ಕೊಟ್ಟಿತು. ಕೇರಿಯ ಹೆಂಗಸರ ಕೈಯಲ್ಲಿ ಯಾವ ಪಾಸ್‌ಪೋರ್ಟ್ ಇದೆ? ಅವರದ್ದೇ ದೇಶ ಅದು.

ಎರಡನೆಯದು, ಒಂದು ಲೋಟ ಕಾಫಿ.

ಮಧ್ಯಾಹ್ನದ ಪಾಠ ನಡೆಸುತ್ತಿದ್ದ ಹೆಂಗಸೊಬ್ಬರು ನನ್ನನ್ನು ಮನೆಗೆ ಕರೆದರು. ಒಂದೇ ಕೋಣೆ, ಒಂದು ಒಲೆ, ಗೋಡೆಗೆ ದೊಡ್ಡ ಹೂವಿನ ಪರದೆ. ತುಂಬಾ ಚೊಕ್ಕಟ. ಒಲೆಯ ತಟ್ಟೆಯ ಮೇಲೆಯೇ ‘ಮರಿಕ್ಲಿ’ ಬೇಯಿಸಿದರು. ಗೋಧಿ ಹಿಟ್ಟಿನ ದಪ್ಪ ರೊಟ್ಟಿ ಅದು. ಕೈಯಲ್ಲಿ ತಟ್ಟುವ ರೀತಿ ನೋಡಿ ನನಗೆ ನಮ್ಮೂರ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ) ನೆನಪಾಯಿತು. ಆಮೇಲೆ ಬೀರುವಿನಿಂದ ಒಂದು ಕಪ್ ತೆಗೆದರು. ಅಂಚಿಗೆ ಚಿನ್ನದ ಗೆರೆ ಇದ್ದ ಕಪ್. ನನ್ನ ಕಣ್ಣೆದುರೇ ಬಟ್ಟೆಯಲ್ಲಿ ಒಂದು ಸಲ ಒರೆಸಿದರು. ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸಿದರು. ಕಾಫಿ ಪುಡಿ ಹಾಕಿ, ಮೇಲೆ ಕುದಿಯುವ ನೀರು ಸುರಿದರು. ಅಲ್ಲಿ ಸೋಸುವುದಿಲ್ಲ. ಚರಟ ಕೆಳಗೆ ಕೂರುವ ತನಕ ಕಾಯಬೇಕು.

ಕಪ್ ನನ್ನ ಮುಂದೆ ಇಟ್ಟು, ಅವರು ಕೂರಲಿಲ್ಲ. ನಿಂತುಕೊಂಡೇ ನನ್ನ ಕೈ ನೋಡುತ್ತಿದ್ದರು. ಮಾತೂ ಆಡಲಿಲ್ಲ. ನಾನು ಬಿಸಿಬಿಸಿಯೇ ಒಂದು ಗುಟುಕು ಕುಡಿದೆ. ಆಗ ಅವರ ಹೆಗಲು ಸಡಿಲವಾದದ್ದು ನನಗೆ ಕಾಣಿಸಿತು. ಕುರ್ಚಿ ಎಳೆದುಕೊಂಡು ಎದುರು ಕೂತರು.

ಸಂಜೆ ಫಾದರ್ ಹೇಳಿದರು. ಆಫೀಸಿನವರು ಬರುತ್ತಾರೆ, ಸಮೀಕ್ಷೆಯವರು ಬರುತ್ತಾರೆ, ಸಹಾಯ ಮಾಡುವವರೂ ಬರುತ್ತಾರೆ. ಕಾಫಿ ಇಟ್ಟರೆ ‘ಈಗಷ್ಟೇ ಕುಡಿದೆ’ ಅನ್ನುತ್ತಾರೆ. ಯಾರು ಕುಡಿದರು, ಯಾರು ಕುಡಿಯಲಿಲ್ಲ ಅನ್ನುವುದು ಇಡೀ ಕೇರಿಗೆ ಗೊತ್ತಿರುತ್ತದೆ. ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ.

ಅವರು ಮಾತಾಡುತ್ತಿದ್ದರು. ನನಗೆ ನಮ್ಮ ಕ್ವಾರ್ಟರ್ಸಿನ ಹಿತ್ತಲು ಕಾಣುತ್ತಿತ್ತು. ಹಿಂಬಾಗಿಲ ಬಳಿ ಬಟ್ಟೆ ಒಗೆಯೋ ಕಲ್ಲು. ಅದರ ಮೇಲೆ ಬೋರಲು ಹಾಕಿದ ನಾಲ್ಕು ಅಲ್ಯೂಮಿನಿಯಂ ಲೋಟ. ಒಂದರ ಅಂಚು ನಗ್ಗಿತ್ತು. ಲೈನ್ ಮನೆಯ, ಅಂದರೆ ತೋಟದ ಕೂಲಿಯವರ ಸಾಲುಮನೆಯ, ಆದಿವಾಸಿ ಎರವರು ಏನಾದರೂ ಕೆಲಸಕ್ಕೆ ಬಂದರೆ ಅಮ್ಮ ಆ ಲೋಟಕ್ಕೆ ಮೇಲಿನಿಂದ ಕಾಫಿ ಹೊಯ್ಯುತ್ತಿದ್ದಳು. ಕುಡಿದು, ಅವರೇ ತೊಳೆದು, ಮತ್ತೆ ಬೋರಲು ಹಾಕಿ ಹೋಗುತ್ತಿದ್ದರು. ಹತ್ತೊಂಬತ್ತು ವರ್ಷ ನಾನು ಅದನ್ನು ನೋಡಿದ್ದೇನೆ. ಒಮ್ಮೆಯೂ ಯಾಕೆ ಅಂತ ಕೇಳಿರಲಿಲ್ಲ. ನಮ್ಮ ಮನೆಯಿಂದ ಲೈನ್‌ಗೆ ಇನ್ನೂರು ಹೆಜ್ಜೆ. ಆ ಇನ್ನೂರು ಹೆಜ್ಜೆ ನಾನು ಒಂದು ದಿನವೂ ನಡೆದಿರಲಿಲ್ಲ.

ಅಮ್ಮ ಕೆಟ್ಟವಳಲ್ಲ. ಲೈನಿನ ಮಗುವಿಗೆ ಜ್ವರ ಬಂದರೆ ರಾತ್ರಿ ಟಾರ್ಚ್ ಹಿಡಿದು ಮಾತ್ರೆ ಕೊಟ್ಟು ಬರುತ್ತಿದ್ದಳು. ಆದರೂ ಲೋಟ ಕಲ್ಲಿನ ಮೇಲೆಯೇ ಇತ್ತು. 2020ರಲ್ಲಿ ಊರಿಗೆ ಬಂದ ಮೇಲೆ ಅವಳನ್ನು ಕೇಳಿದೆ. ‘ಅವರೇ ಹೊರಗೆ ಕೂರ್ತಿದ್ರು ಮಗಾ. ಒಳಗೆ ಬರಬೇಡಿ ಅಂತ ನಾವ್ಯಾರೂ ಹೇಳಿಲ್ಲ,’ ಅಂದಳು. ಅವರಿಗೆ ಬೇರೆ ಇರುವುದೇ ಇಷ್ಟ. ಆ ಹಳ್ಳಿಯವರ ಮಾತು ಬೇರೆ ಭಾಷೆಯಲ್ಲಿ ಮತ್ತೆ ಕೇಳಿದ ಹಾಗಾಯಿತು.

ನಮ್ಮ ಹಿರಿಯರೂ ಒಂದು ಕಾಲದಲ್ಲಿ ಎಲ್ಲ ಬಿಟ್ಟು ಓಡಿ ಬಂದವರೇ. ಟಿಪ್ಪುವಿನ ಕಾಲದಲ್ಲಿ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಜಾಗ ಕೊಟ್ಟ. 1792ರಲ್ಲಿ ವಿರಾಜಪೇಟೆಯ ಸಂತ ಅನ್ನಮ್ಮನ ಚರ್ಚು ಶುರುವಾದದ್ದು ಹಾಗೆ. ಈ ಕಥೆಯನ್ನು ನಾವು ಹಬ್ಬದ ದಿನ ಹೆಮ್ಮೆಯಿಂದ ಹೇಳುತ್ತೇವೆ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ 500ಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದಾಗ ನಾನು ಮಂಗಳೂರಿನ ಹಾಸ್ಟೆಲಿನಲ್ಲಿ ಪೇಪರ್ ಓದಿ, ಪುಟ ತಿರುಗಿಸಿದ್ದೆ. ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದ ಜಾಗ ಅದು.

2019ರಲ್ಲಿ ನಾನು ಮತ್ತೆ ಅದೇ ಕೇರಿಗೆ ಹೋದೆ. ಆ ಸಲ ಆಗಸ್ಟ್ 2ರ ತನಕ ಇದ್ದೆವು. 1944ರ ಆ ದಿನ ರಾತ್ರಿ ನಾಜಿಗಳು ಆಶ್ವಿಟ್ಜ್ ಶಿಬಿರದಲ್ಲಿ ಉಳಿದಿದ್ದ 4,000ಕ್ಕೂ ಹೆಚ್ಚು ರೋಮಾ ಮಂದಿಯನ್ನು, ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು, ಗ್ಯಾಸ್ ಕೋಣೆಗೆ ಕಳಿಸಿ ಕೊಂದರು. ಕೇರಿಯ ಚಿಕ್ಕ ಪ್ರಾರ್ಥನಾ ಮನೆಯಲ್ಲಿ ಮೇಣದಬತ್ತಿ ಹಚ್ಚಿದೆವು. ಗೋಡೆಯ ಮೇಲೆ ಸೆಫೆರಿನೊ ಚಿತ್ರ ಇತ್ತು. 1997ರಲ್ಲಿ ಚರ್ಚು ‘ಧನ್ಯ’ ಎಂದು ಘೋಷಿಸಿದ ಮೊದಲ ರೋಮಾ, ಸ್ಪೇನಿನ ಕುದುರೆ ವ್ಯಾಪಾರಿ. ಯಾರೂ ಭಾಷಣ ಮಾಡಲಿಲ್ಲ. ಎಂಟು ವರ್ಷದ ಆ ಹುಡುಗಿಗೆ ಈಗ ಒಂಬತ್ತು. ನನ್ನನ್ನು ನೋಡಿ ಓಡಿ ಬರಲಿಲ್ಲ. ದೂರದಿಂದ ನೋಡಿದಳು. ಎರಡನೇ ದಿನ ಹತ್ತಿರ ಬಂದು, ‘ನೀನು ನಿಜವಾಗಿ ಬಂದೆ’ ಅಂದಳು. ‘ಮುಂದಿನ ವರ್ಷ ಬರ್ತೀನಿ ಅಂತ ಸುಮ್ನೆ ಹೇಳಬೇಡಿ’ ಎಂದು ಫಾದರ್ ಯಾಕೆ ಹೇಳಿದ್ದರು ಅಂತ ನನಗೆ ಆವತ್ತು ಅರ್ಥವಾಯಿತು. 2020ರಲ್ಲಿ ಕೊರೊನಾ ಬಂತು, ನಾನು ಊರಿಗೆ ಬಂದೆ. ಆಮೇಲೆ ಹೋಗಲು ಆಗಿಲ್ಲ. ಅದು ನನಗೆ ದುಃಖವೇ.

ಇನ್ನೊಂದು ಮಾತು ಹೇಳಲೇಬೇಕು. ಹಂಗೆರಿಯ ಈಶಾನ್ಯದಲ್ಲಿ ಸಾಯೊಕಾಜಾ ಅನ್ನುವ ಹಳ್ಳಿಯಲ್ಲಿ ರೋಮಾ ಮಕ್ಕಳಿಗಾಗಿ ಒಂದು ಹೈಸ್ಕೂಲ್ ಶುರುವಾಯಿತು. ಅದರ ಹೆಸರು ಡಾಕ್ಟರ್ ಅಂಬೇಡ್ಕರ್ ಶಾಲೆ. ಅಲ್ಲಿನ ರೋಮಾ ಮುಖಂಡರು ಬಾಬಾಸಾಹೇಬರನ್ನು ಓದಿ, ಇದು ನಮ್ಮದೇ ಕಥೆ ಎಂದುಕೊಂಡು, ಮಹಾರಾಷ್ಟ್ರಕ್ಕೂ ಬಂದು ಹೋದವರು. ಅಷ್ಟು ದೂರದವರಿಗೆ ಕಂಡದ್ದು, ಅಂಬೇಡ್ಕರ್ ಜಯಂತಿಗೆ ರಜೆ ಪಡೆಯುತ್ತಾ ಬೆಳೆದ ನನಗೆ ಕಂಡಿರಲಿಲ್ಲ.

ಹಾಗಾದರೆ ಹೋಗಬೇಕಾ, ಬೇಡವಾ? ಹೋಗಿ ಅಂತಲೇ ನನ್ನ ಮಾತು. ಆದರೆ ಕರೆಯುತ್ತಿರುವವರು ಯಾರು ಅಂತ ಮೊದಲು ಕೇಳಿ. ಆ ಕೇರಿಯಲ್ಲಿ ವರ್ಷವಿಡೀ ಇರುವವರು ಯಾರಾದರೂ ಇದ್ದಾರಾ? ಕೆಲಸ ನಡೆಸುವವರಲ್ಲಿ ರೋಮಾ ಜನ ಇದ್ದಾರಾ? ಕಳೆದ ವರ್ಷ ಹೋದವರೇ ಈ ವರ್ಷವೂ ಹೋಗುತ್ತಿದ್ದಾರಾ? ಇವಕ್ಕೆ ಉತ್ತರ ಇಲ್ಲದಿದ್ದರೆ, ಗೋಡೆಗೆ ಬಣ್ಣ ಹೊಡೆದು, ಮಕ್ಕಳ ಜೊತೆ ಫೋಟೋ ತೆಗೆದುಕೊಂಡು ಬರುವ ಪ್ರವಾಸ ಅದು. ನಮ್ಮ ವಿಶ್ವಾಸವನ್ನು ಅಲ್ಲಿಗೆ ಹೊತ್ತುಕೊಂಡು ಹೋಗುವುದರಲ್ಲಿ ನನಗೆ ನಾಚಿಕೆ ಇಲ್ಲ. ಆದರೆ ಎಷ್ಟು ಜನ ಪ್ರಾರ್ಥನೆಗೆ ಬಂದರು ಅಂತ ಲೆಕ್ಕ ಬರೆಯುವ ಗುಂಪಿನ ಜೊತೆ ಹೋಗಬೇಡಿ. ಹೋಗುವ ಮುಂಚೆ ಐವತ್ತು ರೊಮಾನಿ ಪದ ಕಲಿಯಿರಿ. ಕಾಫಿ ಕೊಟ್ಟರೆ ಕುಡಿಯಿರಿ.

ನಾನು ಈಗ ಶನಿವಾರ ಮಧ್ಯಾಹ್ನ ಅದೇ ತೋಟದ ಲೈನ್‌ಗೆ ಹೋಗುತ್ತೇನೆ. ನನ್ನ ಜೊತೆ ನಾಲ್ಕನೇ ಕ್ಲಾಸಿನ ತನಕ ಓದಿದ ಎರವರ ಹುಡುಗಿ ಒಬ್ಬಳಿದ್ದಳು. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು, ಮಾತೇ ಆಡುತ್ತಿರಲಿಲ್ಲ. ದಡ್ಡಿ ಅಂದುಕೊಂಡಿದ್ದೆವು. ಅವಳ ಮನೆಮಾತು ಎರವ, ಕ್ಲಾಸಿನಲ್ಲಿ ಕನ್ನಡ. ಅವಳಿಗೆ ಅರ್ಥವಾಗುತ್ತಲೇ ಇರಲಿಲ್ಲ ಅನ್ನುವುದು ನನಗೆ ಹೊಳೆಯಲು ಸ್ಲೊವಾಕಿಯಾದ ಮಕ್ಕಳು ಬೇಕಾದರು. ಈಗ ಅವಳ ಮಗಳು ಮೂರನೇ ಕ್ಲಾಸು. ಆ ಮಗು ಮತ್ತೆ ಐದಾರು ಮಕ್ಕಳ ಜೊತೆ ಕೂತು ಓದುತ್ತೇವೆ. ಕಾಫಿ ಕೊಯ್ಲಿನ ಸಮಯದಲ್ಲಿ ಒಬ್ಬರೂ ಬರುವುದಿಲ್ಲ. ಆಗ ಅಮ್ಮಂದಿರು ವಾಪಸ್ ಬರುವ ತನಕ ಚಿಕ್ಕ ತಮ್ಮ ತಂಗಿಯರನ್ನು ಇವರೇ ನೋಡಿಕೊಳ್ಳಬೇಕು.

ಮೊದಲ ಸಲ ಹೋದಾಗ ನನ್ನ ಆ ಹಳೆಯ ಗೆಳತಿ ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಅಂಗಳದಲ್ಲಿ ಹಾಕಿದಳು. ಒಳಗೆ ಕರೆಯಲಿಲ್ಲ. ಕಾಫಿಯನ್ನೂ ಕೊಡಲಿಲ್ಲ, ನಾನು ಕುಡಿಯುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಗೊತ್ತಿರದೆ ಇರುತ್ತದಾ? ಅವಳಮ್ಮ ನಮ್ಮ ಕಲ್ಲಿನ ಮೇಲಿನ ಲೋಟ ತೊಳೆದವರು. ಐದನೇ ವಾರ ನಾನೇ ಬಾಯಿಬಿಟ್ಟು ಕೇಳಿದೆ. ‘ಕರೀ ಕಾಫಿ ಇದೆ, ಹಾಲಿಲ್ಲ,’ ಅಂದಳು. ಬೆಲ್ಲ ಜಾಸ್ತಿ ಹಾಕಿದ್ದಳು. ಬಾಗಿಲಿಗೆ ಒರಗಿ ನಿಂತೇ ಇದ್ದಳು, ಕೂರಲಿಲ್ಲ. ಅವಳು ಕೂತದ್ದು ಅದಾದ ಎಷ್ಟೋ ವಾರಗಳ ನಂತರ.

ಆ ಇಬ್ಬರು ಹುಡುಗಿಯರು ಇದನ್ನು ಓದುತ್ತಿದ್ದರೆ, ಬರುವ ಶನಿವಾರ ಎರಡು ಗಂಟೆಗೆ ವಿರಾಜಪೇಟೆ ಬಸ್‌ಸ್ಟ್ಯಾಂಡಿಗೆ ಬನ್ನಿ. ಸಿದ್ದಾಪುರದ ಬಸ್ಸಿನಲ್ಲಿ ಒಟ್ಟಿಗೆ ಹೋಗೋಣ. ನಿಮ್ಮ ಪ್ರಯಾಣಕ್ಕೆ ಇನ್ನೂ ಹತ್ತು ತಿಂಗಳಿದೆ ಅಂದಿರಿ, ಅಷ್ಟರಲ್ಲಿ ಸುಮಾರು ಶನಿವಾರಗಳು ಸಿಗುತ್ತವೆ. ಮಕ್ಕಳಿಗೆ ಏನೂ ತರಬೇಡಿ. ಲೈನಿನ ದಾರಿಯಲ್ಲಿ ಈಗ ಜಿಗಣೆ ಜಾಸ್ತಿ, ಉದ್ದದ ಕಾಲುಚೀಲ ಹಾಕಿಕೊಂಡು ಬನ್ನಿ.